ಪಕ್ಕದಲ್ಲಿಟ್ಟ ಎಲೆ

“ಇಬ್ರಿಗೂ ಬರಿ ಕಣೇ. ಕ್ಯಾಮೆರಾ ಪಕ್ಕದಲ್ಲಿ ಒಂದು ಹೊಗೆಸೊಪ್ಪಿನ ಎಲೆ ಇಟ್ಟು, ಈಗಿಂದೀಗ್ಲೇ ಫೋಟೊ ತೆಗ್ದು ಕಳಿಸ್ಲಿ. ಇಲ್ದಿದ್ರೆ ನಾವು ಹರಾಜು ಕೂಗಾಕಿಲ್ಲ, ಅಷ್ಟೇಯ,” ಎಂದ ಉಮಾಶಂಕರ.

ರಾವಂದೂರಿನ ಆ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹದಮಾಡಿದ ಸೊಪ್ಪಿನ ಗುಡ್ಡೆಗಳ ನಡುವೆ ಅವನು, ಹೆಂಡತಿ ಪ್ರಮೀಳಾ, ತಾಯಿ ಭದ್ರಮ್ಮ ಮೂವರೂ ಕುಳಿತು ಬಣ್ಣ ನೋಡಿ ಎಲೆ ವಿಂಗಡಿಸುತ್ತಿದ್ದರು. ಪ್ರಮೀಳಾಳ ಮನಸ್ಸೆಲ್ಲ ಮೊಬೈಲಿನಲ್ಲಿ. ಆನ್‌ಲೈನ್ ಹರಾಜಿಗೆ ಒಂದೇ ಮಾದರಿಯ ಎರಡು ಹಳೆಯ ಕ್ಯಾಮೆರಾ ಬಂದಿದ್ದವು. ಒಂದು ಮೈಸೂರಿನದು, ಇನ್ನೊಂದು ಕೊಡಗು-ಕೇರಳ ಗಡಿಯ ಕುಟ್ಟ ಎಂಬ ಊರಿನದು. ಸಂಜೆಗೆ ಎರಡೂ ಮುಗಿಯುತ್ತವೆ. ಇಷ್ಟು ದಿನ ಪಿರಿಯಾಪಟ್ಟಣದ ಸ್ಟುಡಿಯೊದವರ ಕ್ಯಾಮೆರಾ ಹೊತ್ತು, ಅವರ ಹೆಸರಿನಲ್ಲಿ ಮದುವೆ ಫೋಟೊ ತೆಗೆದದ್ದಾಯಿತು. ಬರುವ ತಿಂಗಳು ಗೆಳತಿ ಪದ್ಮಶ್ರೀಯ ಮದುವೆಗೆ ಮೊದಲ ಸಲ ಅವಳ ಹೆಸರಿಗೇ ಕೆಲಸ ಬಂದಿತ್ತು. ಕೂಡಿಟ್ಟ ದುಡ್ಡು ಒಂದು ಕ್ಯಾಮೆರಾಕ್ಕೆ ಸಾಕು. ಒಂದು ಮೋಸಕ್ಕೂ ಅಷ್ಟೇ ಸಾಕು. ಊರಿನ ಸುನೀಲ್‌ಕುಮಾರ್ ಆನ್‌ಲೈನಿನಲ್ಲಿ ಲ್ಯಾಪ್‌ಟಾಪ್ ತರಿಸಿದಾಗ ಡಬ್ಬಿಯೊಳಗೆ ಹೆಂಚು ಬಂದು, ಅವತ್ತಿನಿಂದ ಅವನಿಗೆ ‘ಹೆಂಚು’ ಎಂದೇ ಹೆಸರು. ಹಣ ಹೋದರೆ ಹಾಳಾಗಲಿ, ಆ ಹೆಸರು ಯಾರಿಗೆ ಬೇಕು?

“ಹೊಗೆಸೊಪ್ಪೇ ಯಾಕ್ರೀ?” ಎಂದಳು.

“ಮತ್ತಿನ್ನೇನು? ನಮ್ಮ ಹರಾಜಲ್ಲಿ ಸೊಪ್ಪಿನ ಬೇಲ್ ಒಳೀಕೆ ಕೈ ಹಾಕಿ, ನಡುವಿಂದ ಒಂದೆಲೆ ಎಳ್ದು ನೋಡ್ದೆ ಯಾವ ವ್ಯಾಪಾರಿ ರೇಟ್ ಕೂಗ್ತಾನೆ? ಇವ್ರು ಮೇಲ್ಗಡೆ ಚೆಂದಾಗಿರೋ ಫೋಟೊ ಜೋಡ್ಸವ್ರೆ. ಒಳಗೇನೈತೋ! ಎಲೆ ಇಟ್ಟು ತೆಗ್ದ್ರೆ ಸಾಮಾನು ಅವ್ರ ಕೈಲೇ ಐತೆ ಅಂತ ಗೊತ್ತಾಯ್ತದೆ. ಒಂದು ಎಲೆ ಯಾರ ಮನೇಲಿ ಇರಾಕಿಲ್ಲ ಹೇಳು?”

ಯಾರ ಮನೆಯಲ್ಲಿ ಇರುವುದಿಲ್ಲವಂತೆ! ಹುಟ್ಟಿದಾಗಿನಿಂದ ಸೊಪ್ಪಿನ ಮೇಲೆ ಹೊರಳಾಡಿದವನಿಗೆ ಲೋಕವೆಲ್ಲ ಸೊಪ್ಪಿನ ಮನೆಯೇ. ಪ್ರಮೀಳಾಳಿಗೂ ಆ ಹೊತ್ತಿಗೆ ಅದು ಸರಿಯೆಂದೇ ತೋರಿತು. ಇಬ್ಬರಿಗೂ ಬರೆದಳು.

ಟೀ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಮೈಸೂರಿನವನ ಫೋಟೊ ಬಂತು. ಕ್ಯಾಮೆರಾ, ಪಕ್ಕದಲ್ಲೇ ನಿಂಬೆಹಣ್ಣಿನ ಬಣ್ಣದ ಎಲೆ. ಉಮಾಶಂಕರ ಮೊಬೈಲ್ ಕಸಿದುಕೊಂಡ. “ಅಬ್ಬಬ್ಬಾ, ಎಲೆ ನೋಡಮ್ಮಿ! ಒಂದು ಚುಕ್ಕೆ ಇಲ್ಲ, ಎಲ್ಲೂ ಹರ್ದಿಲ್ಲ. ಈ ಬಣ್ಣಕ್ಕೆ ವ್ಯಾಪಾರಿಗಳು ಮೇಲೆಬಿದ್ದು ಕೂಗ್ತಾರೆ. ಇಂಥಾ ಸೊಪ್ಪು ಇಟ್ಟಿರೋನು ಸುಳ್ಳು ಹೇಳ್ತಾನಾ? ಕೂಗು, ಕೂಗು!”

“ನಾವು ತಗೊಳ್ಳೋದು ಎಲೆ ಅಲ್ಲ ಕಣ್ರೀ,” ಎನ್ನುತ್ತ ಪ್ರಮೀಳಾ ಚಿತ್ರವನ್ನು ದೊಡ್ಡದು ಮಾಡಿದಳು. ಬೆಳಕು ನೋಡಿ ಪಳಗಿದ ಕಣ್ಣು ಅವಳದು. ಕ್ಯಾಮೆರಾದ ನೆರಳು ಮೇಜಿನ ಮೇಲೆ ಉದ್ದಕ್ಕೆ ಬಿದ್ದಿತ್ತು. ಅಂಚು ಮೇಲೆದ್ದ ಆ ಎಲೆಗೆ ನೆರಳೇ ಇರಲಿಲ್ಲ. “ನೆರಳಿಲ್ಲದ ಎಲೆ ನಿಮ್ಮ ಯಾವ ಗ್ರೇಡಿಗೆ ಬತ್ತದೆ?” ಎಂದು ಗಂಡನಿಗೆ ತೋರಿಸಿದಳು.

ಉಮಾಶಂಕರ ಮೊಬೈಲನ್ನು ಕಣ್ಣಿನ ಹತ್ತಿರಕ್ಕೆ ತಂದು ನೋಡಿದ. “ಥೂ, ಕಳ್ ನನ್ಮಗ! ಎಲೆ ಫೋಟೊ ಎಲ್ಲಿಂದ್ಲೋ ತಂದು ಅಂಟ್ಸವ್ನೆ!”

“ಎಲೆ ಚೆನ್ನಾಗಿದ್ರೆ ನೀನು ಮನೇನೇ ಬರ್ಕೊಡೋ ಗಿರಾಕಿ ಕಣ್ಲಾ,” ಎಂದು ಭದ್ರಮ್ಮ ಸೆರಗು ಬಾಯಿಗಿಟ್ಟು ನಕ್ಕರು.

ಕುಟ್ಟದವನ ಸುದ್ದಿ ಊಟದ ಹೊತ್ತಾದರೂ ಇಲ್ಲ. ಪ್ರಮೀಳಾ ಎಡಗೈಯಲ್ಲಿ ಮೊಬೈಲ್ ನೋಡುತ್ತಲೇ ಉಂಡಳು. ಕೈ ತೊಳೆಯುವಾಗ ಮೊಬೈಲ್ ಸದ್ದು ಮಾಡಿತು. ಬಿಜು ಎಂಬಾತ ಬರೆದಿದ್ದ: “ಅಕ್ಕಾ, ಊರೆಲ್ಲ ಹುಡುಕಿದೆ. ಹೊಗೆಸೊಪ್ಪಿನ ಎಲೆ ಇಲ್ಲಿ ಸಿಗುವುದಿಲ್ಲ. ನಮ್ಮ ಕಾಳುಮೆಣಸಿನ ಬಳ್ಳಿಯ ಎಲೆ ಇಟ್ಟಿದ್ದೇನೆ, ಆಗಬಹುದಾ?” ಜೊತೆಗೆ ಫೋಟೊ. ಅಡುಗೆಕಟ್ಟೆಯ ಮೇಲೆ ಮೂಲೆ ಗೀಚಿಹೋದ ಕ್ಯಾಮೆರಾ, ಅದಕ್ಕೆ ಒರಗಿಸಿಟ್ಟ ಹುಳುತಿಂದ ಎಲೆ. ಎಲೆಯ ತೂತಿನಿಂದ ಇಳಿದ ಬೆಳಕು ಅದರ ನೆರಳಿನ ನಡುವೆ ಸಣ್ಣ ಚುಕ್ಕೆಯಾಗಿ ಕೂತಿತ್ತು. ಇದಕ್ಕೆ ನೆರಳಿದೆ ಎಂದು ಪ್ರಮೀಳಾ ಫೋಟೊವನ್ನು ಗಂಡನ ಮುಂದೆ ಹಿಡಿದಳು.

“ಕೇಳಿದ್ದೊಂದು, ಇಟ್ಟಿರೋದೊಂದು. ಬ್ಯಾಡ ಬುಡು,” ಎಂದ ಉಮಾಶಂಕರ.

“ಕೇಳಿದ್ದು ಐತೆ ಅಂದೋನು ಆಗ್ಲೇ ಟೋಪಿ ಹಾಕಾಕೆ ಬಂದಿದ್ನಲ್ಲ! ಇಲ್ಲ ಅನ್ನಾಕೂ ಧೈರ್ಯ ಬೇಕು ಕಣ್ಲಾ,” ಎಂದರು ಭದ್ರಮ್ಮ. “ನೀನು ಕೂಗವ್ವ.”

ಕೂಗಿದಳು. ಸಂಜೆಗೆ ಹರಾಜು ಅವಳಿಗೇ ನಿಂತಿತು. ಕ್ಯಾಮೆರಾ ಕಣ್ಣಾರೆ ನೋಡಿಯೇ ದುಡ್ಡು ಕೊಡುವುದು, ಕಾಡಿನ ರಸ್ತೆ ಮುಗಿಯುವ ವೀರನಹೊಸಹಳ್ಳಿ ಗೇಟಿನಲ್ಲಿ ಸಿಗುವುದು ಎಂದು ಮಾತಾಯಿತು. ಭಾನುವಾರ ಹೊರಡುವಾಗ ಉಮಾಶಂಕರ ಗುಡ್ಡೆಯಲ್ಲೆಲ್ಲ ಹುಡುಕಿ, ಎಲ್ಲಕ್ಕಿಂತ ಚೆಂದದ ಎಲೆಯೊಂದನ್ನು ಬಟ್ಟೆಯಲ್ಲಿ ಸುತ್ತಿಕೊಂಡ. “ಪಾಪ, ಊರೆಲ್ಲ ಅಲೆದವ್ನೆ. ಎಂಗಿರ್ತದೆ ಅಂತಾದ್ರೂ ನೋಡ್ಲಿ,” ಎಂದ.

ನಾಗರಹೊಳೆ ಕಡೆಯಿಂದ ಬಂದ ಬಸ್ಸಿನಿಂದ ಗುಂಡುಮುಖದ ಒಬ್ಬ ಇಳಿದ. ಚೀಲವೊಂದನ್ನು ಎದೆಗೆ ಅವುಚಿಕೊಂಡು ಅಷ್ಟು ದೂರದಲ್ಲೇ ನಿಂತ.

“ಬಿಜು ಅಲ್ವಾ? ಬನ್ನಿ, ಬನ್ನಿ!” ಎಂದು ಉಮಾಶಂಕರ ಕರೆದ.

“ಮೊದಲು ಎಲೆ ತೋರಿಸಿ!” ಎಂದು ಅವನು ಅಲ್ಲಿಂದಲೇ ಕೂಗಿದ. “ಕ್ಯಾಮೆರಾ ಕೊಳ್ಳುವವರು ಹೊಗೆಸೊಪ್ಪು ಕೇಳುವುದು ಎಲ್ಲಿಯಾದರೂ ಉಂಟಾ? ಇದು ಪಕ್ಕಾ ಮೋಸ, ಎಲೆ ನೋಡದೆ ಚೀಲ ಬಿಚ್ಚಬೇಡಿ ಅಂತ ನನ್ನ ಹೆಂಡತಿ ಹೇಳಿ ಕಳಿಸಿದ್ದಾಳೆ!”

ಉಮಾಶಂಕರ ಗಡಿಬಿಡಿಯಿಂದ ಬಟ್ಟೆ ಬಿಚ್ಚಿ ಎಲೆಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದ. ಬಿಜು ಅದನ್ನು ನೋಡಿ, ಜೇಬಿಗೆ ಕೈಹಾಕಿ, ಬಾಡಿದ ಮೆಣಸಿನ ಎಲೆಯನ್ನು ತೆಗೆದು ತಾನೂ ಎತ್ತಿ ಹಿಡಿದ. ನಡುರಸ್ತೆಯಲ್ಲಿ ಇಬ್ಬರು ಗಂಡಸರು ಒಬ್ಬರಿಗೊಬ್ಬರು ಎಲೆ ತೋರಿಸುತ್ತ ನಿಂತಿದ್ದರು. ಪ್ರಮೀಳಾಳಿಗೆ ನಗು ತಡೆಯಲಾಗಲಿಲ್ಲ. ಎಂಥಾ ಫೋಟೊ ಆಗುತ್ತಿತ್ತು! ಆದರೆ ಕ್ಯಾಮೆರಾ ಇನ್ನೂ ಬಿಜುವಿನ ಚೀಲದಲ್ಲೇ ಇತ್ತು.