ತಂಗಿಯ ಕುದುರೆ

ಪರದೆಯ ಮೇಲೆ ಕುದುರೆ ಬೇಲಿ ಹಾರಿ ನೆಲದ ಮೇಲೆ ನಿಂತದ್ದು ಕಂಡು ತಂಗಿಯ ಮೈ ಉರಿಯಿತು. ವಿಡಿಯೋ ಗೇಮಿಗೆ ತನ್ನದೇ ಕುದುರೆ ಸೇರಿಸಲೆಂದು ಅವಳು ಬರೆಯುತ್ತಿದ್ದ ಕೋಡ್, ಅವಳ ಮೊದಲ ಮಾಡ್ ಅದು. ಎಂಟು ದಿನದಿಂದ ಕುದುರೆ ಹಾರಿದಾಗಲೆಲ್ಲ ನೆಲದೊಳಗೆ ಮುಳುಗಿಹೋಗುತ್ತಿತ್ತು. ಅವಳು ಮುಖ ತೊಳೆದು ಬರುವಷ್ಟರಲ್ಲಿ ಅಣ್ಣ ಸರಿಮಾಡಿಬಿಟ್ಟಿದ್ದ.

“ನೋಡೇ, ಎರಡೇ ನಿಮಿಷ! ನಿನ್ನದೆಲ್ಲ ಅಳಿಸಿ ನಾನೇ ಬರೆದೆ,” ಎಂದ ಅಣ್ಣ.

“ನಿನ್ನನ್ನ ಯಾರು ಕರೆದ್ರು? ನನ್ನ ತುತ್ತು ಕಿತ್ಕೊಂಡು ತಿಂದು, ಹೊಟ್ಟೆ ತುಂಬ್ತಾ ಅಂತ ನನ್ನೇ ಕೇಳ್ತೀಯಾ? ಏಳೋ ಮೇಲೆ!”

ಅವನನ್ನು ಎಬ್ಬಿಸಿ ಕೂತು ಅವನ ಸಾಲುಗಳನ್ನೆಲ್ಲ ಅಳಿಸಿದಳು. ತನ್ನ ನಲವತ್ತು ಸಾಲುಗಳನ್ನು, ಕಂಠಪಾಠದ ಪದ್ಯ ಒಪ್ಪಿಸುವಂತೆ, ಪಟಪಟನೆ ಮತ್ತೆ ಟೈಪ್ ಮಾಡತೊಡಗಿದಳು. ಹನ್ನೊಂದನೆಯ ಸಾಲಿನಲ್ಲಿ ಬೆರಳು ನಿಂತಿತು. ಹಾರಿದ ಮೇಲೆ ನೆಲ ಸಿಕ್ಕರೆ ನಿಲ್ಲು ಎಂದು ಕುದುರೆಗೆ ಅವಳು ಹೇಳಿಯೇ ಇರಲಿಲ್ಲ.

“ಬಾಯಿ ಮುಚ್ಕೊಂಡಿರು,” ಎಂದಳು. ಅಣ್ಣ ಇನ್ನೂ ತುಟಿ ತೆರೆದಿರಲಿಲ್ಲ.