ಗಾಡಿಯ ಪಾಲು

ಗಾಜಿನ ಅಂಗಡಿಯ ಮುಂದೆ ಲಾರಿ ಬಂದು ನಿಂತದ್ದು ಗಾಜಣ್ಣನಿಗೆ ಗೊತ್ತೇ ಆಗಲಿಲ್ಲ. ಮಗಳು ಭುಜ ತಟ್ಟಿದಾಗ ತಿರುಗಿ ನೋಡಿದ. ಹೊಗೆ ಕೊಳವೆಯೇ ಇಲ್ಲದ ಬಿಳಿ ಎಲೆಕ್ಟ್ರಿಕ್ ಲಾರಿ. ಒಂದು ದಿನ ಓಡಿಸಿ ನೋಡಿ ಎಂದು ಶೋರೂಮಿನವರು ಕೊಟ್ಟದ್ದು. ಪಕ್ಕದಲ್ಲೇ ಅವನ ಹಳೆಯ ಡೀಸೆಲ್ ಲಾರಿ ನಿಂತಿತ್ತು. ಎಂಜಿನ್ ಪೂರಾ ಬಿಚ್ಚದೆ ಇದು ಗುಡ್ಡ ಹತ್ತುವುದಿಲ್ಲ ಎಂದು ಮೆಕ್ಯಾನಿಕ್ ಕೈಚೆಲ್ಲಿದ್ದ. ಇದ್ದಂತೆಯೇ ಕೊಡಿ, ನಾನು ಕೊಳ್ಳುತ್ತೇನೆ ಎಂದಿದ್ದ ಇಟ್ಟಿಗೆ ಭಟ್ಟಿಯವನು ಸಂಜೆ ಬರುವವನಿದ್ದ. ಹಳೆಯದನ್ನು ರಿಪೇರಿ ಮಾಡಿಸುವುದೋ, ಅದನ್ನು ಕೊಟ್ಟು ಇದನ್ನು ತರುವುದೋ, ಸಂಜೆಯೊಳಗೆ ಹೇಳಿಬಿಡಬೇಕು. ಮನೆಯ ಒಲೆ ಉರಿಯುವುದು ಒಂದೇ ಗಾಡಿಯ ಮೇಲೆ. ಆಯ್ಕೆ ತಪ್ಪಿದರೆ ಅಂಗಡಿಗೆ ಬೀಗವೇ ಗತಿ.

ಗುಡ್ಡದ ಮೇಲಿನ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಆ ದಿನ ಕಿಟಕಿ ಗಾಜು ಕೂರಿಸಬೇಕಿತ್ತು. ಗಾಜುಗಳನ್ನು ಮರದ ಚೌಕಟ್ಟಿಗೆ ಒರಗಿಸಿ ಹಗ್ಗ ಬಿಗಿದ ಮೇಲೆ, ಗಾಜಣ್ಣ ರೂಢಿಯಂತೆ ಇನ್ನೊಂದನ್ನು ತಂದು ಸೇರಿಸಿದ. ಅದು ಗಾಡಿಯ ಪಾಲು. ಹಳೆಯ ಲಾರಿಯ ಕುಲುಕಾಟಕ್ಕೆ ಪ್ರತಿ ಲೋಡಿನಲ್ಲೂ ಒಂದು ಗಾಜು ಸೀಳು ಬಿಡುವುದು ಕಟ್ಟಿಟ್ಟ ಬುತ್ತಿ. ಪಾಲಿನ ಗಾಜು ಯಾವತ್ತಾದರೂ ಉಳಿದು ಬಂದರೆ ಅಡುಗೆಮನೆಯ ಒಡೆದ ಕಿಟಕಿಗೆ ಹಾಕುತ್ತೇನೆ ಎಂದು ಅವನು ಹೆಂಡತಿಗೆ ಮಾತು ಕೊಟ್ಟು ಅದೆಷ್ಟು ವರ್ಷವಾಗಿತ್ತೋ. ಊರಿಗೆಲ್ಲ ಗಾಜು ಹಾಕುವವನ ಮನೆಯಲ್ಲಿ ಕಿಟಕಿಗೆ ರಟ್ಟು. ಅವಳು ಆ ಲಾರಿಯನ್ನು ಸವತಿ ಎಂದೇ ಕರೆಯುತ್ತಿದ್ದಳು.

ಊರು ದಾಟುವವರೆಗೂ ಅವನು ತಕರಾರು ತೆಗೆಯುತ್ತಲೇ ಇದ್ದ. ಡೀಸೆಲ್ ಮುಗಿದರೆ ಡಬ್ಬ ಹಿಡಿದು ಓಡಬಹುದು, ಚಾರ್ಜು ಮುಗಿದರೆ ಏನು ಹಿಡಿದು ಓಡುವುದು? ಮಗಳು ಸ್ಟೇರಿಂಗ್ ಹಿಡಿದು ಸುಮ್ಮನೆ ನಗುತ್ತಿದ್ದಳು.

"ದೂರದ ಲೋಡ್ ಬಂದ್ರೆ ಏನ್ಮಾಡ್ತೀಯ?" ಎಂದು ಕೊನೆಗೆ ಕೇಳಿದ.

"ಆವತ್ತು ಬಾಡಿಗೆ ಗಾಡಿ ಮಾಡೋಣ. ದೂರಕ್ಕೆ ಡೀಸೆಲ್ಲೇ ಸರಿ, ನಾನೇನು ಇಲ್ಲ ಅಂದ್ನಾ? ಆದ್ರೆ ಅಪ್ಪ, ವರ್ಷಕ್ಕೆ ಎಷ್ಟು ಸಲ ದೂರ ಹೋಗಿದ್ದೀವಿ? ದಿನಾ ಓಡೋದು ಈ ಊರೊಳಗೆ. ರಾತ್ರಿ ನಾವು ಮಲಗಿದಾಗ ಅದೂ ಚಾರ್ಜಿಗೆ ಹಾಕ್ಕೊಂಡು ಮಲಗುತ್ತೆ."

ಅಷ್ಟರಲ್ಲಿ ಅವನು ತಟ್ಟನೆ ತಿರುಗಿ ಕಿವಿಗೊಟ್ಟ. ಹಿಂದಿನಿಂದ ಗಾಜಿನ ಸದ್ದೇ ಇಲ್ಲ! ಹಳೆಯ ಲಾರಿಯಲ್ಲಿ ದಾರಿಯುದ್ದಕ್ಕೂ ಗಾಜು ಕಿಣಿಕಿಣಿ ಎನ್ನುತ್ತಿತ್ತು; ಸರಕು ಇನ್ನೂ ಇದೆ ಎನ್ನುವುದಕ್ಕೆ ಅವನಿಗೆ ಅದೇ ಸಾಕ್ಷಿ. "ನಿಲ್ಸು, ನಿಲ್ಸು, ಎಲ್ಲಾ ಜಾರಿ ಬಿದ್ದಿದೆ" ಎನ್ನುತ್ತ, ಲಾರಿ ನಿಂತದ್ದೇ ತಡ ಇಳಿದು ಹಿಂದಕ್ಕೆ ಓಡಿದ. ಗಾಜುಗಳು ಒರಗಿಸಿಟ್ಟ ಹಾಗೆಯೇ ಇದ್ದವು, ಮೇಲಿನ ಮೋಡವನ್ನು ತೋರಿಸುತ್ತ. ಅವನು ಒಂದೊಂದರ ಅಂಚನ್ನೂ ಸವರಿ ನೋಡಿದ. ಹಿಂದೆ ನಿಂತಿದ್ದ ಬಸ್ಸಿನವನು ಹಾರ್ನ್ ಬಾರಿಸಿ ಬೈದ ಮೇಲೆ ಬಂದು ಕೂತ. ಮಗಳ ಮುಖ ನೋಡಲು ನಾಚಿಕೆಯಾಯಿತು.

ಗುಡ್ಡದ ಏರಿನಲ್ಲಿ ಚಾರ್ಜು ಸರಸರನೆ ಇಳಿಯಿತು, ಅವನ ಬೆವರೂ ಇಳಿಯಿತು. ಆದರೂ ಲಾರಿ ಏದುಸಿರು ಬಿಡದೆ ಹತ್ತಿತು. ಕೆಲಸ ಮುಗಿಸಿ ಬರುವಾಗ ಇಳಿಜಾರಿನಲ್ಲಿ ಚಾರ್ಜು ಚೂರು ಏರಿದ್ದನ್ನು ಕಂಡು, ಈ ಮೀಟರು ಸುಳ್ಳು ಹೇಳುತ್ತಿದೆ ಎಂದು ಜಗಳ ತೆಗೆದ. ಜಗಳದಲ್ಲಿ ಮೊದಲಿನ ಕಾವಿರಲಿಲ್ಲ. ವಾರ್ಡಿನ ಕಿಟಕಿಗಳೆಲ್ಲ ತುಂಬಿದ ಮೇಲೂ ಒಂದು ಗಾಜು ಗೋಡೆಗೆ ಒರಗಿ ಉಳಿದಿತ್ತು, ಲೆಕ್ಕ ತಪ್ಪಿತೇ ಎಂದು ಅಲ್ಲಿನ ಮೇಸ್ತ್ರಿ ಬೇರೆ ಕೇಳಿದ್ದ. ಆ ಗಾಜನ್ನು ಈಗ ಅವನು ತೊಡೆಯ ಮೇಲೆ, ಹಸುಗೂಸನ್ನು ಹಿಡಿದಂತೆ ಹಿಡಿದುಕೊಂಡಿದ್ದ.

ಮನೆಗೆ ಬಂದವನು ಯಾರ ಹತ್ತಿರವೂ ಮಾತಾಡದೆ ಅಡುಗೆಮನೆಯ ರಟ್ಟು ಕಿತ್ತ. ಅಳತೆಗೆ ಗಾಜು ಕೊಯ್ದು ಕೂರಿಸಿದ. ಒಲೆಯ ಮುಂದಿದ್ದ ಹೆಂಡತಿಯ ಮೈಮೇಲೆ ಸಂಜೆಯ ಬಿಸಿಲು ಬಿತ್ತು. ಅವಳು ಕಣ್ಣು ಕಿರಿದು ಮಾಡಿ, "ಉಳೀತಾ?" ಎಂದಳು.

"ಉಳೀತು" ಎಂದ. ಎಷ್ಟೋ ವರ್ಷದ ಹೊರೆ ಇಳಿದ ಹಾಗಾಯಿತು ಅವನಿಗೆ.

ಹೊರಗೆ ಇಟ್ಟಿಗೆ ಭಟ್ಟಿಯವನು ಕೂಗಿದ. ಗಾಜಣ್ಣ ಜೇಬಿನಿಂದ ಹಳೆಯ ಕೀಲಿ ತೆಗೆದು, ಒಂದು ಗಳಿಗೆ ಅಂಗೈಯಲ್ಲಿ ಆಡಿಸಿ, ಮಗಳ ಕೈಗೆ ಹಾಕಿದ. ಅವಳು ಹೋಗಿ ಕೊಟ್ಟಳು. ಹಳೆಯ ಲಾರಿ ಕೆಮ್ಮಿ, ಮೈಯೆಲ್ಲ ಅದುರಿಸಿ, ಕಪ್ಪು ಹೊಗೆ ಬಿಟ್ಟು ಹೊರಟಿತು. ಅವನ ಕಣ್ಣು ತುಂಬಿ ಬಂತು. ನೋಡಲಾರದೆ ಕಿಟಕಿಗೆ ಬೆನ್ನು ಹಾಕಿ ನಿಂತ.

ಹೆಂಡತಿ ಒದ್ದೆ ಅಂಗೈಯಿಂದ ಗಾಜನ್ನು ಒರೆಸಿದಳು. ಲಾರಿ ತಿರುವು ದಾಟುವವರೆಗೂ ನೋಡುತ್ತ ನಿಂತು, ಮೆಲ್ಲಗೆ ಅಂದಳು:

"ಪಾಪ, ನನ್ನ ಸವತಿಯ ಮುಖ ಸರಿಯಾಗಿ ನೋಡಿದ್ದು ಇವತ್ತೇ."