ಸಾಕಲು ಕೊಟ್ಟ ಪದ

ಹದಿನೆಂಟು ತುಂಬಿದವರಿಗೆಲ್ಲ ಸರ್ಕಾರ ಒಂದೊಂದು ಪದ ಸಾಕಲು ಕೊಡುತ್ತದೆ. ಗೆಳತಿ ಫಿಲೋಮಿನಾಗೆ ಸಿಕ್ಕಿದ್ದು 'ದರಿದ್ರ'. ಹಾಸ್ಟೆಲಿನಲ್ಲಿ ದಿನಕ್ಕೆ ನೂರು ಸಲ ಕೇಳಿಸುತ್ತದೆ. ನನ್ನದು, ಮರುಗುವುದರಿಂದ ಹುಟ್ಟಿದ 'ಮರುಕ'. ವರ್ಷದಲ್ಲಿ ಒಮ್ಮೆಯೂ ಬೇರೆ ಯಾರೂ ಮನಸಾರೆ ಆಡದಿದ್ದರೆ ಪದ ಎಲ್ಲರ ತಲೆಯಿಂದ ಅಳಿಸಿಹೋಗುತ್ತದೆ. ಗಡುವು ಇವತ್ತು ಮಧ್ಯಾಹ್ನ ಎರಡು ಗಂಟೆ.

ಮೆಸ್ಸಿನ ಅಡುಗೆಯ ಗುರಮ್ಮಕ್ಕನ ಬೆನ್ನು ಬಿದ್ದಿದ್ದೇನೆ.

"ಅಕ್ಕಾ, ನನ್ನ ನೋಡಿದ್ರೆ ಮರುಕ ಆಗುತ್ತೆ ಅನ್ನಿ, ಪ್ಲೀಸ್!"

"ಹಂಗೆಲ್ಲ ಬಾಯ್ಬಿಟ್ಟು ಹೇಳಕ್ಕೆ ನಾಚ್ಕೆ ಕಣೆ. ಬೆಳಿಗ್ಗೆಯಿಂದ ಏನೂ ತಿಂದಿಲ್ವಾ? ಮುಖ ಬಾಡಿದ ಸೊಪ್ಪಾಗಿದೆ."

"ಊಟ ಬೇಡ, ಪದ ಬೇಕು! ಎರಡೇ ನಿಮಿಷ ಇರೋದು!"

"ತಟ್ಟೆ ಹಿಡಿ, ತರಲೆ."

ಪಾತ್ರೆ ಖಾಲಿ. ಅಕ್ಕ ತನಗೆಂದು ಎತ್ತಿಟ್ಟಿದ್ದ ಮುದ್ದೆಯನ್ನು ನನ್ನ ತಟ್ಟೆಗೆ ಹಾಕುತ್ತಾಳೆ. ಗಂಟೆ ಎರಡಾಗುತ್ತದೆ.

ಅಕ್ಕನ ಈ ಗುಣಕ್ಕೊಂದು ಪದವಿತ್ತು, ನನ್ನದೇ ಪದ. ಎಷ್ಟು ತಿಣುಕಿದರೂ ನೆನಪಾಗುತ್ತಿಲ್ಲ.